ತುಳಸಿಕಟ್ಟೆಯ ರೇಡಿಯೊ

ನಿರೂಪಣೆಯಲ್ಲಿ ಕುಂದುಗಳು ಕಂಡರೆ ಓದುಗರು ಮನ್ನಿಸಬೇಕು. ನೆನಪು ಹಳೆಯದು, ಬರೆಯುವ ಕೈಯೂ ದಣಿದಿದೆ. ಕಾಮಾಕ್ಷಿಪಾಳ್ಯದಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ, ತಾಮ್ರದ ಮೇಲಿನ ವಾರ್ನಿಷು ಸುಡುವ ಒಗರು ವಾಸನೆ ನನ್ನನ್ನು ತಡೆದು ನಿಲ್ಲಿಸುತ್ತದೆ. ಎಪ್ಪತ್ತರ ದಶಕದಲ್ಲಿ ಹೊಸಹಳ್ಳಿಯ ನಮ್ಮ ಹೆಂಚಿನ ಮನೆಯ ತುಂಬ ಇದೇ ವಾಸನೆಯಿತ್ತು. ಹೊಲಗಳು ಬಡಾವಣೆಗೆ ಹೋದ ಮೇಲೆ ಬರಿದಾದ ಕೊಟ್ಟಿಗೆಯಲ್ಲಿ ನನ್ನ ಅಕ್ಕ ಸರೋಜ ತನ್ನ ಪ್ರಯೋಗಶಾಲೆಯನ್ನು ಹೂಡಿದ್ದಳು. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಅವಳಿಗೆ ಬಿ.ಎಸ್ಸಿ. ಮಾಡುವ ಹಂಬಲ. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ಯಾರೂ ಪದವಿ ಪಡೆದಿರಲಿಲ್ಲ. ಕಾರ್ಖಾನೆಯ ಕೆಲಸದಲ್ಲಿದ್ದ ಅಪ್ಪ ಒಪ್ಪಿದ್ದರು, ಆದರೆ ಷರತ್ತಿನ ಮೇಲೆ: "ನಿನ್ನ ಈ ತಂತಿ ಗಿಂತಿಯಿಂದ ಮನೆಗೇನಾದ್ರೂ ಕೇಡಾಯ್ತೋ, ಕಾಲೇಜು ಅವತ್ತಿಗೇ ಬಂದ್. ತಿಳ್ಕೊ."

ಅಕ್ಕ ಕಟ್ಟಿದ್ದು ವಿದ್ಯುತ್ತಾಗಲಿ ಬ್ಯಾಟರಿಯಾಗಲಿ ಬೇಡದ ರೇಡಿಯೊ. ತುದಿಯ ವಾರ್ನಿಷನ್ನು ಸುಟ್ಟು ತೆಗೆದು ಬಿದಿರಿನ ತುಂಡಿಗೆ ಸುತ್ತಿದ ತಾಮ್ರದ ತಂತಿ, ಹಳೆಯ ಬ್ಲೇಡು, ಅದರ ಮೇಲೆ ಮೆಲ್ಲನೆ ಊರಿದ ಪೆನ್ಸಿಲ್ಲಿನ ಕಡ್ಡಿ, ಗುಜರಿಯಲ್ಲಿ ಸಿಕ್ಕ ಇಯರ್‌ಫೋನು, ಇಷ್ಟೇ ಅದರ ಸಾಮಗ್ರಿ. ಒಂದು ತಂತಿ ತೆಂಗಿನ ಮರವನ್ನೇರಿತು. ಇನ್ನೊಂದು ಸದಾ ಒದ್ದೆಯಾಗಿರುವ ಮಣ್ಣನ್ನು ಸೇರಬೇಕಿತ್ತು. ಅಂಥ ಮಣ್ಣು ನಮ್ಮಲ್ಲಿದ್ದುದು ಅಜ್ಜಿ ದಿನವೂ ನೀರೆರೆಯುತ್ತಿದ್ದ ತುಳಸಿಕಟ್ಟೆಯಲ್ಲಿ ಮಾತ್ರ. ಅಕ್ಕ ಅಳುಕುತ್ತ ಅನುಮತಿ ಕೇಳಿದರೆ, ತಂತಿ ಕಟ್ಟಿ ಹೂಳಲು ಅಜ್ಜಿ ತಾವೇ ಹಳೆಯ ನೇಗಿಲಿನ ಕಬ್ಬಿಣದ ಗುಳವನ್ನು ತಂದುಕೊಟ್ಟರು. "ಗುಳಕ್ಕೆ ಭೂಮ್ತಾಯಿ ಹೊಸಬಳೇನೇ? ಹೂಳು. ಸುಮ್ನೆ ತುಕ್ಕು ಹಿಡಿಯೋದಕ್ಕಿಂತ ವಾಸಿ." ಬೆಳಗ್ಗೆ ಅಜ್ಜಿ ನೀರೆರೆದು ಪ್ರದಕ್ಷಿಣೆ ಮುಗಿಸುವಷ್ಟರಲ್ಲಿ, ಕ್ಷೀಣವಾಗಿದ್ದ ವಾರ್ತೆಯ ದನಿ ಕಿವಿಯಲ್ಲಿ ಸ್ಪಷ್ಟವಾಗುತ್ತಿತ್ತು. ಪಕ್ಕದ ಮನೆಯ ಗೌರಮ್ಮ ಬೇಲಿಯಾಚೆಯಿಂದ ಕೆಣಕುತ್ತಿದ್ದರು: "ಏನಜ್ಜಿ, ನಿಮ್ಮನೆ ತುಳಸಮ್ಮ ವಾರ್ತೆ ಓದ್ತಾಳಂತೆ?" "ಓದ್ತಾಳೆ ಕಣೇ. ನಿನ್ ಗಂಟಲಷ್ಟು ಜೋರಿಲ್ಲ, ಅಷ್ಟೆ."

ಬೇಸಿಗೆಯಲ್ಲಿ ಎರೆದ ನೀರು ಬೇಗ ಇಂಗಿ, ದನಿ ಕುಗ್ಗತೊಡಗಿತು. ಗುಳದ ಸುತ್ತ ಉಪ್ಪು, ಇದ್ದಿಲು ತುಂಬಿದರೆ ಮಣ್ಣು ತೇವವನ್ನು ಹಿಡಿದಿಡುತ್ತದೆಂದು ಅಕ್ಕ ಓದಿದ್ದಳು. ಹಾಗೆಯೇ ಮಾಡಿದಳು, ದನಿ ಮರಳಿತು. ಕೆಲವು ದಿನಗಳಲ್ಲಿ ತುಳಸಿಯ ಎಲೆಗಳು ಅಂಚಿನಿಂದ ಕಂದಿ, ಗಿಡ ಕಡ್ಡಿಯಾಯಿತು. ಅಜ್ಜಿ ಯಾರನ್ನೂ ದೂರಲಿಲ್ಲ. ಉಳುವ ಹೊಲವನ್ನು ಬಿಟ್ಟುಕೊಟ್ಟ ಪಾಪ ತಮಗೆ ತಟ್ಟಿತೆಂದು ನಂಬಿ ಅನ್ನ ಬಿಟ್ಟರು. ಗಂಜಿಯನ್ನೂ ಮುಟ್ಟಲಿಲ್ಲ. ಕಂಬಕ್ಕೊರಗಿ ಕುಳಿತ ಅವರ ಕಣ್ಣುಗಳು ಗುಳಿಬಿದ್ದವು. ಅಕ್ಕ ಬಾಯಿ ತೆರೆದರೆ ಅವಳ ಓದು ಹೋಗುತ್ತಿತ್ತು. ತೆರೆಯದಿದ್ದರೆ ಅಜ್ಜಿ ಉಳಿಯುವಂತಿರಲಿಲ್ಲ.

ಅಪ್ಪ ಅಂಗಳದಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ಒಂದು ಬೆಳಗ್ಗೆ, ಅವರಿಗೂ ಕೇಳುವಂತೆ ಅಕ್ಕ ಹೇಳಿಬಿಟ್ಟಳು: "ಅಜ್ಜಿ, ಯಾವ ಪಾಪಾನೂ ಅಲ್ಲ. ಉಪ್ಪು ಹಾಕಿದ್ದು ನಾನು. ಏಳಿ, ಊಟ ಮಾಡಿ." ಅಜ್ಜಿ ಅಪ್ಪನತ್ತ ತಿರುಗಿದರು. "ಗಿಡ ಇನ್ನೊಂದು ನೆಡಬೋದು ಕಣೋ. ಓದೋ ಮಗೀನ ಬಿಡಿಸ್ಬೇಡ." ಅಪ್ಪ ಅರ್ಧ ಸಾಬೂನಿನ ಮುಖದಲ್ಲೇ ಉತ್ತರಿಸಿದರು: "ಆಡಿದ್ ಮಾತು ಆಡಿದ್ದೇ ಕಣವ್ವ." ಅಂದು ಅಜ್ಜಿ ಅಕ್ಕನ ಕೈಯಿಂದಲೇ ಮುದ್ದೆ ಉಂಡರು. ಉಣ್ಣುತ್ತ ಅತ್ತರು, ಅಕ್ಕ ಅಳಲಿಲ್ಲ.

ಸರೋಜಕ್ಕನ ಓದು ಪಿಯುಸಿಗೇ ನಿಂತಿತು. ಮರುವರ್ಷ ಮದುವೆಯಾಗಿ ಮಾಗಡಿಯ ಕಡೆಗೆ ಹೋದಳು. ಅಜ್ಜಿ ತೀರಿಕೊಂಡ ಮೇಲೆ ಮನೆಯನ್ನು ಕೆಡವಿ ದಾಯಾದಿಗಳು ನಿವೇಶನವನ್ನು ಹಂಚಿಕೊಂಡರು. ಅಪ್ಪ ನನ್ನನ್ನು ಯಾವ ಷರತ್ತೂ ಇಲ್ಲದೆ ಕಾಲೇಜಿಗೆ ಕಳುಹಿಸಿದರು, ನಾನು ಬಿ.ಎ. ಪದವಿ ಪಡೆದೆ. ಬಂದ ನೆಂಟರು ನನ್ನನ್ನು ಈ ಮನೆತನದ ಮೊದಲ ಪದವೀಧರೆಯೆಂದು ಹೊಗಳಲಾರಂಭಿಸಿದರೆ, ಅಪ್ಪ ಮೆಲ್ಲನೆ ಎದ್ದು ಒಳಗೆ ಹೋಗುತ್ತಿದ್ದರು.