ಏಳನೇ ಕೂಳೆ ಎದ್ದು ನಿಂತ ದಿನ

ನಮ್ಮ ಫಾರಮ್ಮಿನ ಆಫೀಸಿನ ಗೋಡೆಯ ಮೇಲೆ ಅದರ ಚರಿತ್ರೆಯನ್ನು ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ನಾಲೆ ಬರುವ ಮೊದಲು ಇಲ್ಲಿ ಹುರುಳಿ ಮತ್ತು ಕಾರೆಮುಳ್ಳು ಇತ್ತಂತೆ. ನಾಲೆ ಬಂತು, ಕಬ್ಬು ಬಂತು, ಬಿತ್ತನೆ ಕಬ್ಬಿಗೆಂದು ಕಾರ್ಖಾನೆಯವರು ಈ ಭೂಮಿ ಹಿಡಿದರು, ಆಮೇಲೆ ಒಬ್ಬರ ಹಿಂದೆ ಒಬ್ಬರು ಮ್ಯಾನೇಜರು ಬಂದರು. ಮ್ಯಾನೇಜರುಗಳ ಪಟ್ಟಿ ಕಿಟಕಿಯ ಕೆಳಗಿನವರೆಗೂ ಇಳಿದಿದೆ. ಓದಿದವರಿಗೆ ಇಲ್ಲಿಯ ಕಬ್ಬನ್ನೆಲ್ಲ ಅವರೇ ನೆಟ್ಟು, ಅವರೇ ಕಡಿದು, ಅವರೇ ಹೊತ್ತು ಗಾಡಿಗೆ ಹಾಕಿದರು ಅನ್ನಿಸಬೇಕು. ಹಿಂದೆ ಕಬ್ಬು ಸಾಗಿಸಲು ಟ್ರಾಲಿ ಕಂಬಿ ಇತ್ತು ಎಂದೂ ಬರೆದಿದೆ. ಕಂಬಿ ಈಗ ಎಲ್ಲಿದೆ ಎಂದು ಬರೆದಿಲ್ಲ. ಸುತ್ತಲಿನ ಊರುಗಳ ದನದ ಕೊಟ್ಟಿಗೆಯಲ್ಲಿ ನಿಂತು ತಲೆಯೆತ್ತಿದರೆ ಚರಿತ್ರೆಯ ಆ ಭಾಗ ತೊಲೆಯಾಗಿ ಕಾಣುತ್ತದೆ.

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಪ್ಪ ಇದೇ ಫಾರಮ್ಮಿನಲ್ಲಿ ನೀರು ಕಟ್ಟುತ್ತಿದ್ದ. ನಾನು ಕಳೆ ಕೀಳಲು ಸೇರಿ ಮೇಸ್ತ್ರಿಯಾದೆ. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಬೆರಳು ತೋರಿಸಿಲ್ಲ. ಅದರಲ್ಲೂ ಕೂಳೆ ವಿಷಯದಲ್ಲಿ ನನ್ನ ಮುಂದೆ ಯಾರೂ ಮಾತಾಡಬಾರದು. ಕಬ್ಬು ಕಡಿದ ಮೇಲೆ ಮಣ್ಣಲ್ಲಿ ಉಳಿದ ಬುಡದಿಂದ ಮತ್ತೆ ಚಿಗುರುವ ಬೆಳೆಯೇ ಕೂಳೆ. ಬುಡವನ್ನು ನೆಲದ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ ಸವರಬೇಕು. ಬೆನ್ನು ಬಗ್ಗಿಸಲು ಸೋಮಾರಿತನ ಮಾಡಿ ಮೇಲೆ ಕಡಿದರೆ ಕೂಳೆ ಎರಡೇ ವರ್ಷಕ್ಕೆ ಸೊರಗುತ್ತದೆ. ಎರಡಾದ ಮೇಲೆ ಉತ್ತುಹಾಕಿ ಎಂದು ಆಫೀಸಿನ ಪುಸ್ತಕವೂ ಹೇಳುತ್ತದೆ. ಪುಸ್ತಕ ಬರೆದವರೂ ಬೆನ್ನು ಬಗ್ಗಿಸದವರೇ ಇರಬೇಕು.

ಮಳವಳ್ಳಿ ರಸ್ತೆಯ ಪಕ್ಕದ ಹುಣಸೆಮರದ ತಾಕಿನಲ್ಲಿ ನಾನು ಏಳನೇ ಕೂಳೆ ನಿಲ್ಲಿಸಿದ್ದೆ. ಹೊಸದಾಗಿ ನೆಟ್ಟ ಪಕ್ಕದ ತಾಕಿಗಿಂತ ಒಂದು ಗೇಣು ಎತ್ತರವಿತ್ತು. ಹುಣಸೆಮರದ ತಾಕಿನ ಬಿತ್ತನೆ ತುಂಡುಗಳನ್ನು ಅಪ್ಪನೇ ಆರಿಸಿ ಕೊಟ್ಟಿದ್ದ. ಅವನು ಮುಟ್ಟಿದ ಕಡೆಯ ಬೆಳೆ ಅದು. ಅದನ್ನು ನಾನು ಆಫೀಸಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ಅದಕ್ಕೊಂದು ಅರ್ಜಿ ಬರೆದುಕೊಡು ಎನ್ನುತ್ತಿದ್ದರು.

ಹೊಸ ಮ್ಯಾನೇಜರು ಮಂಡ್ಯದ ಗುತ್ತಲಿನಿಂದ ಕಾರಿನಲ್ಲಿ ಬರುತ್ತಿದ್ದರು. ಬಂದ ತಿಂಗಳಲ್ಲೇ ಎರಡು ಕೆಲಸ ಮಾಡಿದರು. ಒಂದು, ತಾಕುಗಳ ನಂಬರನ್ನೆಲ್ಲ ಕಂಪ್ಯೂಟರಿನಲ್ಲಿ ಬದಲಾಯಿಸಿದರು. ಎರಡು, ನನ್ನ ಏಳನೇ ಕೂಳೆ ಕಡಿದಾದ ಮೇಲೆ ಬುಡಕ್ಕೆ ಟ್ರ್ಯಾಕ್ಟರ್ ಹೊಡೆಸಿ ಎಂದರು. ನಾನು ಒಪ್ಪಲಿಲ್ಲ.

"ಬೆಳೆ ನೋಡಿ ಏಳಿ ಸಾ, ಪುಸ್ತಕ ನೋಡಿ ಏಳ್ಬ್ಯಾಡಿ" ಎಂದೆ.

ಅವರಿಗೆ ಕೋಪ ಬಂತು. ಆದರೂ ಹೆಡ್ಡಾಫೀಸಿಗೆ ಬರೆದರು. ಡೈರೆಕ್ಟರು ಬಂದು ನಿಂತ ಬೆಳೆಯನ್ನು ಕಣ್ಣಾರೆ ಕಂಡು, ಉಳಿಸುವುದೋ ಉಳುವುದೋ ಹೇಳುತ್ತಾರೆ ಎಂದು ತೀರ್ಮಾನವಾಯಿತು.

ಅವರು ಬರುವ ಹಿಂದಿನ ದಿನ ನಾನು ಮೋಟರಿನ ಬೇರಿಂಗು ತರಲು ಮದ್ದೂರಿಗೆ ಹೋಗಿದ್ದೆ. ಮಧ್ಯಾಹ್ನ ಬಸ್ಸಿಳಿದು ನೋಡುತ್ತೇನೆ, ಹುಣಸೆಮರ ಒಂಟಿಯಾಗಿ ನಿಂತಿದೆ. ತಾಕು ಬಯಲಾಗಿದೆ. ತೂಬಿನ ಮೂಲೆಯಲ್ಲಿ ಐದೇ ಐದು ಕಬ್ಬು. ಕಡಿಯುವವರು ಕಡೆಗೆ ಐದು ಕಬ್ಬು ಬಿಡುವುದು ನಮ್ಮಲ್ಲಿ ಪದ್ಧತಿ. ಮತ್ತೆ ನೀರು ಕಟ್ಟುವವರೆಗೆ ಅವು ಕೂಳೆಯನ್ನು ಕಾಯುತ್ತವೆ ಎನ್ನುತ್ತಾರೆ.

ಕಡಿದವರು ಬೆಳಕವಾಡಿ ಕಡೆಯ ಗ್ಯಾಂಗು. ಗ್ಯಾಂಗಿನ ಯಜಮಾನ ಮಚ್ಚು ಒರೆಸಿಕೊಳ್ಳುತ್ತಾ ಕೂತಿದ್ದ.

"ಏನ್ಲಾ ಮಾಡ್ಬುಟ್ರಿ?"

"ಯಾಕಣ್ಣ? ಪೋನ್ಗೆ ಅದಿನೇಳು ಅಂತ ಬಂತು. ಕಲ್ ಮೇಲೂ ಅದಿನೇಳು ಅಂತ್ಲೇ ಅದೆ. ಕಡುದ್ವಪ್ಪ."

ಹೊಸ ಹದಿನೇಳು ನಾಲೆಯಾಚೆ ಇತ್ತು, ಆದರೆ ಕಂಪ್ಯೂಟರಿನೊಳಗೆ ಮಾತ್ರ. ಈ ಹೊಲದ ಕಲ್ಲಿನ ಮೇಲೆ ಹಳೆಯ ಹದಿನೇಳೇ ಇತ್ತು. ಕಲ್ಲಿನ ನಂಬರನ್ನೂ ಅಳಿಸಿ ಬರೆಸಬೇಕೆಂದು ಮ್ಯಾನೇಜರಿಗೆ ಹೊಳೆದಿರಲಿಲ್ಲ. ಬಗ್ಗಿ ನೋಡಿದೆ. ಬುಡ ಮಾತ್ರ ಚೊಕ್ಕವಾಗಿ, ಒಂದು ಬೆರಳು ಕೆಳಗೇ ಸವರಿದ್ದರು. ನಾನು ಕಲಿಸಿದ ಕೆಲಸ.

ಮ್ಯಾನೇಜರು ಓಡಿಬಂದರು. ಹೊಲ ನೋಡಿದರು, ಕಲ್ಲು ನೋಡಿದರು, ಫೋನು ನೋಡಿದರು.

"ನಾಳೆ ಹತ್ತು ಗಂಟೆಗೆ ಬರ್ತಾರಲ್ರೀ! ನೋಡೋಕೆ ಬೆಳೆಯೇ ಇಲ್ಲ ಅಂದ್ರೆ ನಾಳೆಯೇ ನಿಮ್ಮ ಕೂಳೆಗೆ ಟ್ರ್ಯಾಕ್ಟರ್ ಹೊಡೆಸಿ ಅಂತಾರೆ. ನಂಬರು ಯಾರು ಬದಲಾಯಿಸಿದ್ದು ಅಂತ ನನ್ನನ್ನೂ ಕೇಳ್ತಾರೆ." ರಸ್ತೆ ಕಡೆ ನೋಡಿ ಅಂದರು, "ನಿಲ್ಲಿಸ್ರಿ."

"ಏನ್ ಸಾ?"

"ಕಬ್ಬು. ರಸ್ತೆ ಕಡೆ ನಾಲ್ಕು ಸಾಲು. ಅವರೇನು ಒಳಗೆ ಇಳಿಯಲ್ಲ, ಬಿಳಿ ಶೂ ಹಾಕ್ತಾರೆ."

ಲೋಡು ಕಾರ್ಖಾನೆಗೆ ಹೋಗಿತ್ತು. ಒಂದು ರಾಶಿ ಉಳಿದಿತ್ತು. ಅಷ್ಟು ಕಾಲ ಕಬ್ಬು ಮಲಗಿಸಿದ ನನ್ನ ಕೈಗೆ ಕಬ್ಬು ಏಳಿಸುವ ಕೆಲಸ ಬಂತು. ಛೀ ಅನ್ನಿಸಿತು. ಆದರೆ ಮ್ಯಾನೇಜರಿಗೆ ಉಳಿಯಬೇಕಾದದ್ದು ಮರ್ಯಾದೆ, ನನಗೆ ಉಳಿಯಬೇಕಾದದ್ದು ಮಣ್ಣೊಳಗಿನ ಬುಡ. ಮಾಡುವುದಾದರೆ ನೆಟ್ಟಗೆ ಮಾಡಬೇಕು ಎಂದು ದಾರ ಹಿಡಿಸಿದೆ. ಸಾಲಿಗೆ ನೀರು ಬಿಟ್ಟು, ಹಾರೆಯಲ್ಲಿ ಕುಳಿ ತೋಡಿ, ಒಂದೊಂದೇ ಕಬ್ಬು ಊರಿಸಿದೆ. ತುದಿಯ ಹಸಿರು ಸೋಗೆಯನ್ನು ಆಗಲೇ ಕಡಿದು ದನಕ್ಕೆಂದು ಗುಡ್ಡೆ ಹಾಕಿದ್ದರು. ಹೆಂಗಸರು ಅದನ್ನು ತಂದು, ಬೋಳುತಲೆಗೆ ಚೌರಿ ಕಟ್ಟಿದ ಹಾಗೆ ಒಂದೊಂದು ಕಬ್ಬಿನ ತುದಿಗೂ ಕಟ್ಟಿದರು. ನನ್ನ ಹೆಂಡತಿಯೂ ಅವರ ಜೊತೆಗಿದ್ದಳು.

"ಅಲ್ಲ ಕಣಯ್ಯಾ, ಮದ್ವೆ ಚಪ್ರಕ್ಕೆ ಬಾಳೆಕಂದು ನಿಲ್ಸಿದಂಗೆ ನಿಲ್ಸಿದ್ದೀಯಲ್ಲ, ಗಂಡು ಯಾವಾಗ್ ಬತ್ತನೆ?"

"ನಾಳಿಕ್ಕೆ ಅತ್ ಗಂಟ್ಗೆ."

"ಓಲಗ್ದೋರ್ಗೆ ಏಳಿದ್ದೀರಾ ಇಲ್ವಾ?" ಎಂದಳು. ಗ್ಯಾಂಗಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಮುಖ ತಿರುಗಿಸಿಕೊಂಡು ದಾರ ಎಳೆದೆ.

ಮರುದಿನ ಡೈರೆಕ್ಟರು ಬಂದರು. ಶೂ ಬಿಳಿಯದೇ. ಆದರೆ ಶೂ ಬಿಚ್ಚಿ, ಪ್ಯಾಂಟು ಮಡಚಿ ಸಾಲಿಗೆ ಇಳಿದೇಬಿಟ್ಟರು. ತಮ್ಮ ತಾತ ರೈತ ಎಂದರು. ಈ ಮಾತು ಹೇಳದ ಸಾಹೇಬರನ್ನು ನಾನು ನೋಡಿಲ್ಲ. "ಒಂದು ಕಬ್ಬು ತಿನ್ನೋಣ" ಎಂದು ಎದುರಿನ ಕಬ್ಬನ್ನು ಹಿಡಿದು ಬಗ್ಗಿಸಿದರು. ಮುರಿಯಲಿಲ್ಲ. ಬುಡಸಮೇತ ಕೈಗೆ ಬಂತು. ಸೋಗೆ ಪಕ್ಕದ ಕಬ್ಬಿಗೆ ಸಿಕ್ಕಿಕೊಂಡು ಮೇಲೆಯೇ ಉಳಿಯಿತು.

"ಸುಲಭ ಕಟಾವು, ಸರ್" ಎಂದರು ಮ್ಯಾನೇಜರು. "ಹೊಸ ಪ್ರಯೋಗ. ಒಳಗಿನದೆಲ್ಲ ಆಗಲೇ ಕಟಾವಾಗಿದೆ. ಮಚ್ಚು ಬೇಡ. ಸೋಗೆಯನ್ನೂ ತಾನೇ ಕಳಚಿಕೊಳ್ಳುತ್ತೆ."

ಡೈರೆಕ್ಟರು ಇನ್ನೊಂದು ಕಿತ್ತರು. ಅದೂ ಬಂತು. ಖುಷಿಯಿಂದ ನಾಲ್ಕೈದು ಕಿತ್ತರು. ಕಡೆಗೆ ತೂಬಿನ ಮೂಲೆಗೆ ಹೋಗಿ, ಬಿಟ್ಟಿದ್ದ ಐದರಲ್ಲಿ ಒಂದನ್ನು ಹಿಡಿದರು. ಎಳೆದರು. ಮುಖ ಕೆಂಪಾಯಿತು. ಅದು ಅಲ್ಲಾಡಲಿಲ್ಲ.

"ಅದು ಹಳೇ ತಳಿ ಸರ್. ಹೋಲಿಕೆಗೆ ಅಂತ ಬಿಟ್ಟಿದ್ದೀವಿ."

ಡೈರೆಕ್ಟರು ನನ್ನ ಕಡೆ ತಿರುಗಿದರು. "ಮೇಸ್ತ್ರಿ, ನೀವು ಹೇಳಿ. ನಿಜವಾ ಇದು?"

ನಾನು ಕೆಲಸದಲ್ಲಿ ಸುಳ್ಳು ಹೇಳಿದವನಲ್ಲ. ಇಲ್ಲ ಎಂದರೆ ಮ್ಯಾನೇಜರು ಹೋಗುತ್ತಾರೆ, ಅವರ ಹಿಂದೆಯೇ ಟ್ರ್ಯಾಕ್ಟರು ಬರುತ್ತದೆ. ಕಾಲಡಿಯ ಬುಡಗಳನ್ನು ನೋಡಿದೆ.

"ಈ ತಾಕಲ್ಲಿ ಬುಡ ಗಟ್ಟಿ ಸಾ. ಬುಡ ಕೀಳ್ಬ್ಯಾಡಿ, ಅಷ್ಟೇ ನಾನ್ ಏಳಾದು" ಎಂದೆ.

ಆ ಮಾತಲ್ಲಿ ಸುಳ್ಳಿರಲಿಲ್ಲ. ನಿಜವೂ ಪೂರ್ತಿ ಇರಲಿಲ್ಲ.

"ಮುಟ್ಟಬೇಡಿ, ಈ ತಾಕನ್ನು ಹಾಗೇ ಇಡಿ" ಎಂದು ಹೇಳಿ ಡೈರೆಕ್ಟರು ಶೂ ಹಾಕಿಕೊಂಡರು. ವಾರದಲ್ಲಿ ಬೋರ್ಡು ಬಂತು: ಸುಲಭ ಕಟಾವು ಪ್ರಾಯೋಗಿಕ ತಾಕು. ಗೋಡೆಯ ಚರಿತ್ರೆಗೂ ಒಂದು ಸಾಲು ಸೇರಿತು. ಮ್ಯಾನೇಜರು ಮೇಲಿನ ಕೆಲಸಕ್ಕೆ ಹೋದರು. ಈಗ ಕಾಲೇಜಿನವರು, ಸಂಘದವರು ಬಂದು ಎಂಟನೇ ಕೂಳೆಯ ಕಬ್ಬು ಹಿಡಿದು ಎಳೆಯುತ್ತಾರೆ, ಬೆವರುತ್ತಾರೆ. "ಇನ್ನೂ ಬಲೀಬೇಕು ಸಾ" ಎನ್ನುತ್ತೇನೆ. ನಂಬಿ ಹೋಗುತ್ತಾರೆ.

ಡೈರೆಕ್ಟರು ಬಂದುಹೋದ ತಿಂಗಳಲ್ಲೇ ಆ ಎಂಟನೇ ಕೂಳೆ ಚೆನ್ನಾಗಿ ಒಡೆದಿತ್ತು. ನೀರು ಕಟ್ಟಿ, ರಸ್ತೆ ಕಡೆ ಊರಿದ್ದ ಸುಳ್ಳು ಕಬ್ಬನ್ನು ಕಿತ್ತುಹಾಕಲು ಹೆಂಡತಿಯ ಜೊತೆ ಇಳಿದೆ. ಹತ್ತಿಪ್ಪತ್ತು ಸಲೀಸಾಗಿ ಬಂದವು. ಮುಂದಿನದು ಬರಲಿಲ್ಲ. ಎರಡು ಕೈ ಹಾಕಿದೆ. ಕೆಸರಿನಲ್ಲಿ ಗೆಣ್ಣು ಬೇರುಬಿಟ್ಟು, ಪಕ್ಕದಲ್ಲಿ ಮೊಳಕೆಯ ಹಸಿರು ಕಣ್ಣೊಂದು ಒಡೆದಿತ್ತು.

"ಸುಲಬ ಕಟಾವು ಕಣಯ್ಯಾ, ಎಳಿ" ಎಂದಳು.

"ನಗ್ಬ್ಯಾಡ, ಗುದ್ದಲಿ ತಾ" ಎಂದೆ.

ತಂದಳು. ನಾನು ಅದರ ಬುಡಕ್ಕೆ ಮಣ್ಣು ಏರಿಸಿದೆ.