ಕಡಿಗೆ ಹಚ್ಚಿದ ಕೊಂಬು

ಯುಗಾದಿ ಬಂತೆಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಬ್ಬದ ಮೇಲೆ ಸಿಟ್ಟಿಲ್ಲ, ಹೋಳಿಗೆ ಯಾರಿಗೆ ಬೇಡ? ಸಿಟ್ಟಿರುವುದು ಹೊಸ ವರ್ಷದ ಹೆಸರಿನಲ್ಲಿ ಮಂದಿಗೆ ಬುದ್ಧಿ ಹೇಳುವವರ ಮೇಲೆ. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಆ ಜಾತಿಯವರಲ್ಲಿ ಮುಂದಾಳು. ಸಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಸವಣೂರಿನ ನಮ್ಮ ಮನೆಯಲ್ಲೂ ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆಯೇ ಮಾತಾಡಿಸುತ್ತಿದ್ದರು. ಯುಗಾದಿಯ ದಿನ ಬೇವು-ಬೆಲ್ಲ ಕೊಟ್ಟು ಒಬ್ಬೊಬ್ಬರನ್ನಾಗಿ, ಈ ವರ್ಷ ಏನು ಮಾಡುತ್ತೀ ಎಂದು ಕೇಳುವುದು ಅವರು ತಂದ ಪದ್ಧತಿ.

ನನ್ನದು ಪ್ರತಿ ವರ್ಷ ಒಂದೇ ಉತ್ತರ. "ಒಂದು ಹೊಸಾ ಆಟ ಬರೀತೇನ್ರಿ."

ಅತ್ತೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಆಟ ಆಡುವುದು ಗೊತ್ತು, ಬರೆಯುವುದು ಎಂದರೇನು ಎಂದು ಓಣಿಯ ಹೆಂಗಸರೂ ಕೇಳುತ್ತಿದ್ದರು. ಮನೆ ಎಷ್ಟು, ಕಾಯಿ ಎಷ್ಟು, ಯಾವ ಮನೆಗೆ ಬಂದರೆ ಏನು ಗತಿ ಎಂದು ಯೋಚಿಸಿ, ನಾವು ಪಕ್ಕದಲ್ಲಿ ಇಲ್ಲದಿದ್ದರೂ ಯಾರೋ ಓದಿ ಆಡುವ ಹಾಗೆ ಹೇಳಬೇಕು. ಅಷ್ಟೇ ಕೆಲಸ. ಹಗುರ ಎನ್ನುವವರು ಒಂದು ಬರೆದು ತೋರಿಸಲಿ.

ನನ್ನ ತವರು ಹಿರೇಕೆರೂರು. ಚೌಕಾಬಾರಾ ಆಡಿಯೇ ಬೆಳೆದವಳು ನಾನು. ಕಟ್ಟೆಯ ಮೇಲೆ ಇದ್ದಿಲಿನಿಂದ ಚೌಕ ಬರೆದು, ನಾಲ್ಕು ಬದಿಗೆ ನಾಲ್ವರು ಕೂತು, ಕವಡೆ ಚೆಲ್ಲಿ ಕಾಯಿ ನಡೆಸುವ ಆಟ. ಅದರಲ್ಲಿ ಒಂದು ಕಟ್ಟಳೆ ಉಂಟು. ನಮ್ಮ ಕಾಯಿ ಹೊರಗಿನ ಮನೆಗಳನ್ನು ಸುತ್ತಿ ಒಳಮನೆಗೆ ಹೋಗಬೇಕಾದರೆ, ಅದಕ್ಕಿಂತ ಮೊದಲು ಎದುರಿನವರ ಒಂದು ಕಾಯಿಯನ್ನಾದರೂ ಕಡಿದಿರಬೇಕು. ಕಡಿಯುವುದೆಂದರೆ, ಅವರ ಕಾಯಿ ಇದ್ದ ಮನೆಗೆ ನಮ್ಮ ಕಾಯಿ ಬಿದ್ದು, ಅದನ್ನು ಎತ್ತಿ ಹೊರಟಲ್ಲಿಗೇ ವಾಪಸು ಅಟ್ಟುವುದು. ಯಾರನ್ನೂ ಕಡಿಯದ ಪುಣ್ಯವಂತರು ಹೊರಗೇ ಗಿರಕಿ ಹೊಡೆಯುತ್ತಿರಬೇಕು. ಈ ಕಟ್ಟಳೆ ತೆಗೆದರೆ ಚೌಕಾಬಾರಾದಲ್ಲಿ ಉಪ್ಪೇ ಇಲ್ಲ.

ಎಪ್ಪತ್ತರ ದಶಕದ ಕೊನೆಗೆ ಒಂದು ಯುಗಾದಿಯಾದ ಮೇಲೆ ಅದೇ ಕಟ್ಟಳೆ ಇಟ್ಟುಕೊಂಡು ನಾನೊಂದು ಆಟ ಬರೆದೆ. ಹೆಸರು ‘ಮೊದಲ ಪಂಗ್ತಿ’. ನಡುವೆ ಮದುವೆ ಮನೆ. ನಾಲ್ಕು ಬದಿಗೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು. ನಾಲ್ಕೂ ಊರಿನ ಬೀಗರು ಊಟದ ಮೊದಲ ಪಂಗ್ತಿ ಹಿಡಿಯಲು ಓಡಿ ಬರುತ್ತಿದ್ದಾರೆ. ದುಂಡಸಿಯ ಮನೆಗೆ ಬಂದವರಿಗೆ ಬಸ್ಸು ತಪ್ಪುತ್ತದೆ. ಅಕ್ಕಿಆಲೂರಿಗೆ ಬಂದವರು ಸಂತೆಯಲ್ಲಿ ಸಿಕ್ಕಿಕೊಂಡು ಒಂದು ಪಾಳಿ ಕಳೆದುಕೊಳ್ಳುತ್ತಾರೆ. ಬಾಗಿಲ ಹತ್ತಿರ ಬಂದವರಿಗೆ ನಾನು ಬರೆದ ನಿಯಮ ಒಂದೇ ಸಾಲು: ‘ಮೊದಲು ಕಡಿ, ಆಮೇಲೆ ಒಳಗೆ ನಡಿ.’ ಬರೆದ ದಿನ ಅದನ್ನು ಎಷ್ಟು ಸಲ ಹೇಳಿಕೊಂಡೆನೋ, ರೊಟ್ಟಿ ಬಡಿಯುವ ಸಪ್ಪಳಕ್ಕೂ ಅದೇ ತಾಳ.

ಶಿಗ್ಗಾವಿಯಲ್ಲಿ ಒಂದು ಪ್ರೆಸ್ಸು ಇತ್ತು. ಅದರ ಮಾಲಕರು ಮಕ್ಕಳಿಗೊಂದು ಮಾಸಪತ್ರಿಕೆ ನಡೆಸುತ್ತಿದ್ದರು. ಅವರು ಭಾವನ ಜೊತೆ ಕಲಿತವರು, ಹೀಗಾಗಿ ನನ್ನ ಆಟ ಭಾವನ ಕೈಯಿಂದಲೇ ಅಲ್ಲಿಗೆ ಹೋಗಬೇಕಿತ್ತು. ನನ್ನ ಗಂಡ ದಿನಾ ಶಿಗ್ಗಾವಿಯ ಕಚೇರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದರು. ಆದರೂ ಅಣ್ಣನನ್ನು ದಾಟಿ ಒಂದು ಕಾಗದ ಒಯ್ಯುವ ಧೈರ್ಯ ಅವರಿಗಿರಲಿಲ್ಲ. ಭಾವ ಓದಿ, "ನೋಡಿ ಕಳಸ್ತೇನಿ" ಎಂದರು. ನೋಡಿದರು, ಕಳಿಸಿದರು.

ಪತ್ರಿಕೆ ಬಂದಾಗ ನಾನು ಮೊದಲು ಹುಡುಕಿದ್ದು ನನ್ನ ಹೆಸರು. ‘ಸವಣೂರಿನ ಒಬ್ಬ ಗೃಹಿಣಿ’ ಎಂದಿತ್ತು. ಹೋಗಲಿ ಎಂದು ಹಲ್ಲು ಕಚ್ಚಿದೆ. ಆಮೇಲೆ ಕೆಳಗೆ ಕಣ್ಣು ಹೋಯಿತು: ‘ಮೊದಲು ಕೂಡಿ, ಆಮೇಲೆ ಒಳಗೆ ನಡಿ.’

ಅಚ್ಚಿನ ತಪ್ಪು ಎಂದುಕೊಂಡೆ. ಭಾವ ತಾವೇ ಹೇಳಿದರು, ಉಪಕಾರ ಮಾಡಿದವರ ಮುಖ ಮಾಡಿಕೊಂಡು. "ಸಣ್ಣ ಹುಡುಗೂರು ಓದೂ ಪತ್ರಿಕೆ. ಕಡಿ ಅನ್ನೂದು ಬ್ಯಾಡ ಅಂತ ನಾನ ತಿದ್ದಿದೆ. ಎಲ್ಲಾರೂ ಕೂಡಿ ಒಳಗ ಹೋದ್ರ ಚಂದ ಅಲ್ಲನು?"

ಕಕಾರಕ್ಕೆ ಒಂದು ಕೊಂಬು ಹಚ್ಚಿ ದೀರ್ಘ ಎಳೆದಿದ್ದರು, ನನ್ನ ಆಟದ ಕುತ್ತಿಗೆ ಹಿಚುಕಿದಂತಾಗಿತ್ತು. ಎದುರಾಳಿಗಳು ಕೂಡಿಯೇ ಒಳಗೆ ಹೋದರೆ ಗೆಲ್ಲುವವರು ಯಾರು? ಹುಟ್ಟಿದಾಗಿನಿಂದ ಒಂದೂ ಆಟ ಸೋಲದವರಿಗೆ ಮಾತ್ರ ಹೊಳೆಯುವ ಬುದ್ಧಿ ಅದು.

ಇನ್ನೂ ಕೆಟ್ಟದ್ದು ಮುಂದೆ ಇತ್ತು. ನಮ್ಮ ಕಡೆ ಕೂಡು ಎಂದರೆ ಸೇರು ಎಂದೂ ಆಗುತ್ತದೆ, ಕುಳಿತುಕೋ ಎಂದೂ ಆಗುತ್ತದೆ. ಮದುವೆ ಊಟದ ಆಟದಲ್ಲಿ ‘ಮೊದಲು ಕೂಡಿ’ ಎಂದು ಓದಿದವರು ಏನು ತಿಳಿದಾರು? ರಟ್ಟೀಹಳ್ಳಿಯಲ್ಲಿದ್ದ ನನ್ನ ಅಕ್ಕ ನಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ಕೇಳಿದಳು.

"ಅದೇನ ಆಟ ಬರದೀಯ? ನಮ್ಮ ಓಣ್ಯಾಗ ಎಲ್ಲಾರ ಕಾಯೂ ಬಾಗಲದಾಗ ಬಂದು ಕುಂತಾವು. ಎಷ್ಟೊತ್ತು ಕೂಡಬೇಕು ಅಂತ ನೀ ಬರದೇ ಇಲ್ಲ. ಕಡೀಕ ಹುಡುಗೂರ ಬ್ಯಾಸತ್ತು ಎದ್ದು ಹೋದ್ವು."

ಅಕ್ಕ ನಕ್ಕಳು. ನನಗೆ ಅಳು ಬಂತು, ಆದರೆ ಅತ್ತರೆ ಭಾವನಿಗೆ ಕೇಳಿಸುತ್ತದೆ ಎಂದು ನುಂಗಿಕೊಂಡೆ. ಓಣಿಯಲ್ಲಿ ನಳಕ್ಕೆ ಹೋದರೆ ಹೆಂಗಸರು, "ಮೊದಲ ಕೂಡ್ರಿ, ಆಮ್ಯಾಲೆ ನೀರು ತುಂಬ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು. ಆಟ ಬರೆಯುವವಳಿಗೆ ಆಟವೇ ಬರುವುದಿಲ್ಲ ಎಂಬ ಹೆಸರು ನಾಲ್ಕೂ ಊರಿಗೆ ಹೋಯಿತು. ಆ ಹೆಸರಿನ ಮುಂದೆ ಮಾತ್ರ ‘ಒಬ್ಬ ಗೃಹಿಣಿ’ ಇರಲಿಲ್ಲ, ನಾನೇ ಇದ್ದೆ. ಹೀಗೇ ಬಿಟ್ಟರೆ ನಾನು ಮುಂದೆ ಏನು ಬರೆದರೂ ಯಾರೂ ಕವಡೆ ಮುಟ್ಟುವುದಿಲ್ಲ ಎಂದು ಗೊತ್ತಿತ್ತು. ಭಾವನನ್ನು ಕಂಡರೆ ನನಗೆ ದ್ವೇಷವೇ ಹುಟ್ಟಿತು. ಬೇರೆ ಮೆತ್ತಗಿನ ಶಬ್ದ ಹುಡುಕುವುದಿಲ್ಲ.

ಮುಂದಿನ ಯುಗಾದಿ ಬಂತು. ಊಟವಾಗಿ ಎಲ್ಲರೂ ಪಡಸಾಲೆಯಲ್ಲಿದ್ದಾಗ ನಾನು ಅಚ್ಚಾದ ಹಾಳೆಯನ್ನು ಭಾವನ ಮುಂದೆ ಹಾಸಿದೆ.

"ಭಾವಾರ, ನೀವು ತಿದ್ದಿದ ಪ್ರಕಾರ ಒಂದು ಆಟ ಆಡೂಣು ಬರ್ರಿ."

ಅವರು ನಗುತ್ತ ಕೂತರು. ಅತ್ತೆ, ನನ್ನ ಗಂಡ, ನಾನು, ಒಬ್ಬೊಬ್ಬರು ಒಂದೊಂದು ಬದಿಗೆ. ಕವಡೆ ಉರುಳತೊಡಗಿದ ಸ್ವಲ್ಪ ಹೊತ್ತಿಗೆ ಭಾವನಿಗೆ ರಂಗೇರಿತು. ನನ್ನ ಕಾಯಿ ಅಕ್ಕಿಆಲೂರಿನಲ್ಲಿ ಸಿಕ್ಕಿಕೊಂಡು ಕೂತಿತ್ತು. ಅವರಿಗೆ ಬೇಕಾದ ಹಾಗೇ ಕವಡೆ ಬಿತ್ತು. ಕಾಯಿ ತಂದು ನನ್ನ ಮನೆಯಲ್ಲಿಟ್ಟು, ನನ್ನ ಕಾಯಿಯನ್ನು ಬೆರಳಿನಿಂದ ಚಿಮ್ಮಿ, "ಕಡದೆ" ಎಂದರು.

ಅತ್ತೆಗೆ ನಗು ತಡೆಯಲಾಗಲಿಲ್ಲ. "ನೀ ಕೂಡೂದು ಹಿಂಗನು?" ಎಂದರು.

"ರೂಢಿ. ಕೈ ಹೋತು," ಎಂದರು ಭಾವ.

"ನಿಮ್ಮ ಕೈಗೆ ಆಟ ಬರ್ತೈತ್ರಿ," ಎಂದೆ. "ಮತ್ತ ನನ್ನ ಹಾಳಿ ಯಾಕ ಕೆಡಸಿದ್ರಿ?"

ಅವರ ಮುಖ ಬಿಗಿಯಿತು. "ನಾ ಕಡದ್ರ ಅದು ಆಟ. ನಮ್ಮ ಮನಿ ಸೊಸಿ ಕಡಿ ಕಡಿ ಅಂತ ಅಚ್ಚು ಹಾಕಿಸಿದ್ರ ಸಾಲ್ಯಾಗ ನಾ ಹೆಂಗ ಮಾರಿ ತೋರಸ್ಲಿ? ಒಂದು ಆಟ ಅಚ್ಚಾತಂತ ನಿನಗ ಭಾಳ ಕೊಂಬು ಬಂದಾವು."

"ಕೊಂಬು ನನಗ ಬಂದಿಲ್ರಿ. ನೀವ ಹಚ್ಚೀರಿ, ನನ್ನ ‘ಕಡಿ’ಗೆ."

ಆಗ ಅರ್ಥವಾಯಿತು. ಅವರಿಗೆ ಮಕ್ಕಳ ಚಿಂತೆಯೂ ಇರಲಿಲ್ಲ, ಆಟದ ಚಿಂತೆಯೂ ಇರಲಿಲ್ಲ. ತಿದ್ದಿದ್ದು ಆಟವನ್ನಲ್ಲ, ನನ್ನನ್ನು. "ಈ ವರ್ಷ ನಾ ಬರದದ್ದನ್ನ ನಿಮ್ಮ ಕೈಯಾಗ ಕೊಡಾಂಗಿಲ್ರಿ," ಎಂದು ಹೇಳಿ ಕವಡೆ ಬಾಚಿಕೊಂಡು ಎದ್ದೆ. ನನ್ನ ಗಂಡ ನೆಲ ನೋಡುತ್ತ ಕೂತಿದ್ದರು. ಅವರ ಮೇಲೂ ಸಿಟ್ಟು ಬಂತು.

ಭಾವ ನನ್ನ ಜೊತೆ ಮಾತು ಬಿಟ್ಟರು. ಮನೆಯಲ್ಲಿ ಅದನ್ನೊಂದು ಶಿಕ್ಷೆ ಎಂದು ಎಲ್ಲರೂ ತಿಳಿದರು. ನನಗಂತೂ ತಲೆ ಹಗುರಾಗಿತ್ತು. ಆ ಬೇಸಿಗೆಯಲ್ಲಿ ‘ನಳದ ಪಾಳಿ’ ಬರೆದೆ. ಕಾಯಿಗಳೇ ಕೊಡಗಳು, ನಡುವೆ ನಳ, ನೀರು ಬರುವುದು ಸ್ವಲ್ಪ ಹೊತ್ತು ಮಾತ್ರ. ನನ್ನನ್ನು ಅಣಕಿಸಿದ ಹೆಂಗಸರೆಲ್ಲ ಅದರಲ್ಲಿ ಒಬ್ಬೊಬ್ಬರಾಗಿ ಬಂದರು, ಯಾರ ಮೇಲೂ ಕರುಣೆ ತೋರಿಸಲಿಲ್ಲ. ಒಳಮನೆಯ ಕಟ್ಟಳೆಗೆ ಅದೇ ಸಾಲು, ಒಂದಕ್ಷರ ಬದಲಿಸದೆ ಇಟ್ಟೆ.

ಬರೆದದ್ದನ್ನು ಗಂಡನ ಊಟದ ಡಬ್ಬಿಯ ಪಕ್ಕ ಇಟ್ಟು, "ಒಯ್ತೀರೋ, ನಾನ ಬಸ್ ಹತ್ಲೋ?" ಎಂದೆ. ಅವರು ಹಾಳೆಯನ್ನು ಮಡಚಿ ಚೀಲದಲ್ಲಿಟ್ಟು, "ಸೀರಿ ಉಟ್ಟು ಬಾ, ಇಬ್ಬರೂ ಹೋಗೂಣು," ಎಂದರು. ಪ್ರೆಸ್ಸಿನ ಬಾಗಿಲಿಗೆ ಬಂದರೂ ಇವರು ತಿರುಗಿ ಹೋಗಿಬಿಡುತ್ತಾರೆ ಎಂದೇ ನಾನು ತಿಳಿದಿದ್ದೆ.

ಮಾಲಕರು ನನಗೆ ಕುರ್ಚಿ ತೋರಿಸಿ, ಹಾಳೆಯನ್ನು ಮಾತ್ರ ಇವರ ಕೈಯಿಂದ ತೆಗೆದುಕೊಂಡರು. ಓದುತ್ತ ಹೋಗಿ ಒಂದು ಕಡೆ ಬೆರಳು ಇಟ್ಟರು.

"ಇಲ್ಲೆ ಮತ್ತ ಕಡಿ ಅಂತ ಐತ್ರಿ. ಹೋದ ಸಲ ನಿಮ್ಮ ಅಣ್ಣಾರು ತಿದ್ದಿದ್ರು. ಇದನ್ನ ಅವರು ನೋಡ್ಯಾರೋ ಇಲ್ಲೋ?"

"ಇಲ್ರಿ," ಎಂದರು ನನ್ನ ಗಂಡ. "ಬರದಾಕಿ ನೋಡ್ಯಾಳ."