ಚಿಕ್ಕಪ್ಪನ ವರಾಹ

ಟ್ರ್ಯಾಕ್ಟರಿನ ಹಿಂದೆ ಕಟ್ಟಿ ನೆಲದೊಳಗೆ ತಂತಿ ಹೂಳುವ ಯಂತ್ರವೊಂದನ್ನು ನಮ್ಮ ಚಿಕ್ಕಪ್ಪ ಕಂಡುಹಿಡಿದರು. ಬೇರೆ ಗತಿಯಿಲ್ಲದೆ ಕಂಡುಹಿಡಿದರು ಎಂಬುದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ ನಮ್ಮ ಮನೆತನದಲ್ಲಿ ಬುದ್ಧಿ ಹೆಚ್ಚೆಂದು ಯಾರಾದರೂ ತಪ್ಪು ತಿಳಿದಾರು.

ಕರೆಂಟಿಗೆಂದು ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರೇರಿ ಬ್ಯಾಕೋಡಿನ ಕಡೆಯ ನಮ್ಮ ಊರು ಮುಳುಗಡೆಯಾದಾಗ, ಅದಕ್ಕೆ ಬದಲಾಗಿ ಹೊಸನಗರದಾಚೆ, ಕೋಣಂದೂರಿಗೆ ಹೋಗುವ ರಸ್ತೆಯ ಕೆಳಗೆ ಒಂದು ಇಳಿಜಾರು ಮಂಜೂರಾಯಿತು. ಅದನ್ನು ನೋಡುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಬಂದು ಇಳಿದವರು ಅಮ್ಮ, ಚಿಕ್ಕಪ್ಪ, ಆಗಷ್ಟೇ ಮೀಸೆ ತಿದ್ದಲು ಕಲಿತಿದ್ದ ನಾನು, ಒಂದು ಜೊತೆ ಎತ್ತು ಮತ್ತು ಚೌಡಿ. ಚೌಡಿಯೆಂದರೆ ಹಳೆಯ ಜಮೀನನ್ನು ಕಾಯುತ್ತಿದ್ದ ದೇವತೆ. ಕಣ್ಣಿಗೆ ಕಾಣುವಂತೆ ಹೇಳುವುದಾದರೆ, ತೆಂಗಿನಕಾಯಿಗಿಂತ ತುಸು ದೊಡ್ಡದಾದ ಒಂದು ಕರಿಕಲ್ಲು. ನೀರು ಅಂಗಳಕ್ಕೆ ಬಂದ ದಿನ ಅಮ್ಮ ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗಾಡಿ ಹತ್ತಿದ್ದಳು. ಹೊಸ ಇಳಿಜಾರಿನ ಅರ್ಧದಲ್ಲಿ ಅವಳನ್ನು ಕೂರಿಸಿ, ಸುತ್ತ ಕಲ್ಲಿಟ್ಟು ಎಲ್ಲೆ ಮಾಡಿ, "ಇನ್ನು ನಾವಿಬ್ರೂ ಏಳೋದಿಲ್ಲ" ಎಂದು ಸಾರಿದ್ದಳು.

ಏಳುವ ಪ್ರಸಂಗ ಎರಡನೆಯ ಬೇಸಿಗೆಯಲ್ಲೇ ಬಂತು. ಮಂಜೂರಾದ ಜಮೀನಿನಲ್ಲಿ ಸಾಗುವಳಿ ಕಾಣದಿದ್ದರೆ ಮಂಜೂರಿ ರದ್ದಾಗುತ್ತದೆಂದೂ, ಯುಗಾದಿಯಾದ ಮೇಲೆ ತಾವೇ ನೋಡಲು ಬರುವುದಾಗಿಯೂ ರೆವಿನ್ಯೂ ಇನ್ಸ್‌ಪೆಕ್ಟರು ಹೇಳಿ ಹೋಗಿದ್ದರು. ನಾವು ಕಬ್ಬು ಹಾಕಿದ್ದೆವು. ಬಾವಿ ಇಳಿಜಾರಿನ ತಳದಲ್ಲಿತ್ತು, ಪಂಪೂ ಅಲ್ಲೇ ಇತ್ತು. ಕರೆಂಟು ಮಾತ್ರ ಮೇಲಿನ ರಸ್ತೆಯ ಬದಿಯ ಮೀಟರಿಗೆ ಬಂದು ನಿಂತಿತ್ತು. ನಡುವಿನ ದಾರಿ ನಮ್ಮ ಜವಾಬ್ದಾರಿ. ಅಡಿಕೆ ಮರದ ಕಂಬ ನೆಟ್ಟು ತಂತಿ ಎಳೆದೆವು. ಒಂದು ಸಂಜೆಯ ಗಾಳಿಗೆ ಕಂಬ ಮುರಿದು ತಂತಿ ಎಡಗಡೆಯ ಎತ್ತಿನ ಬೆನ್ನ ಮೇಲೆ ಬಿತ್ತು. ನಮ್ಮ ಊರನ್ನು ಮುಳುಗಿಸಿದ ನೀರು ಕರೆಂಟಾಗಿ ಹಿಂದೆಯೇ ಬಂದು ಎತ್ತನ್ನೂ ವಿಚಾರಿಸಿಕೊಂಡಿತು.

ಅಮ್ಮ ಮೂರು ಹೊತ್ತು ಉಣ್ಣಲಿಲ್ಲ. ಆಮೇಲೆ ತೀರ್ಪು ಕೊಟ್ಟಳು: "ತಂತಿ ತಲೆ ಮೇಲೆ ಹೋಗೋದು ಬೇಡ. ಹೋಗೋದಿದ್ರೆ ಕಾಲಡಿಗೆ ಹೋಗ್ಲಿ."

ರಬ್ಬರಿನ ಹೊದಿಕೆಯ ದಪ್ಪ ವೈರು ತಂದೆವು. ಆದರೆ ಬೇಸಿಗೆಯಲ್ಲಿ ಕಲ್ಲಾಗುವ ಜಂಬಿಟ್ಟಿಗೆ ನೆಲ ಗುದ್ದಲಿಯನ್ನು ವಾಪಸು ಕಳಿಸುತ್ತಿತ್ತು. ನಾನೂ ಚಿಕ್ಕಪ್ಪನೂ ಒಂದು ಬೆಳಗ್ಗೆಯೆಲ್ಲ ಅಗೆದ ಗುಂಡಿಯಲ್ಲಿ ಹೆಚ್ಚೆಂದರೆ ಒಂದು ಬೆಕ್ಕನ್ನು ಹೂಳಬಹುದಿತ್ತು. ಬಾವಿಯಿಂದ ಕೊಡದಲ್ಲಿ ಹೊತ್ತು ಹಾಕಿದ ನೀರನ್ನು ಕಬ್ಬು ಕುಡಿಯಿತೋ ಬಿಸಿಲು ಕುಡಿಯಿತೋ, ಗರಿಗಳು ಅಂಚಿನಿಂದ ಸುರುಟತೊಡಗಿದವು.

ಆಗ ಚಿಕ್ಕಪ್ಪ ಯಂತ್ರ ನಿರ್ಮಾಣಕ್ಕೆ ಕೂತರು. ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಜೋಡಿಸಿ ಸಾಗರದಲ್ಲಿ ವೆಲ್ಡಿಂಗ್ ಮಾಡಿಸಿದ ಮೊಣಕಾಲುದ್ದದ ಅಲಗು; ಅದರ ಬೆನ್ನಿಗೆ ಬಗ್ಗಿಸಿ ಅಂಟಿಸಿದ ಕಬ್ಬಿಣದ ಪೈಪು. ಅಲಗು ನೆಲ ಸೀಳಿಕೊಂಡು ಹೋದಂತೆ ವೈರು ಪೈಪಿನೊಳಗಿಂದ ಇಳಿದು ಸೀಳಿನ ತಳದಲ್ಲಿ ಮಲಗಬೇಕು, ಮಣ್ಣು ತಾನೇ ಮುಚ್ಚಿಕೊಳ್ಳಬೇಕು. ವೈರು ಸುತ್ತಲು ಗಾಡಿಯ ಒಂದು ಚಕ್ರ ಬಿಚ್ಚಿದರು. ಒಂಟಿ ಎತ್ತಿಗೆ ಗಾಡಿ ಯಾತಕ್ಕೆ? ಎಲ್ಲ ಸಿದ್ಧವಾದ ಮೇಲೆ ಅರಿಸಿನ ಕುಂಕುಮ ಹಚ್ಚಿ, ಭೂದೇವಿಯನ್ನು ಕೋರೆಯಲ್ಲಿ ಎತ್ತಿ ತಂದವನ ನೆನಪಿಗೆ 'ವರಾಹ' ಎಂದು ನಾಮಕರಣ ಮಾಡಿದರು.

"ಹಂದಿ ಅಂತ ಹೇಳು, ಸಾಕು" ಎಂದಳು ಅಮ್ಮ. "ಕಬ್ಬಿನ ಗದ್ದೆಗೆ ಹಂದಿ ತಾನಾಗೇ ಬರುತ್ತೆ. ನೀನು ಸಾಗರಕ್ಕೆ ಹೋಗಿ ಮಾಡಿಸ್ಕೊಂಡು ಬಂದ್ಯಲ್ಲ!"

"ಅತ್ತಿಗೆ, ಒಳ್ಳೆ ಕೆಲಸಕ್ಕೆ ಅಡ್ಡ ಬಾಯಿ ಹಾಕ್ಬೇಡಿ."

ಟ್ರ್ಯಾಕ್ಟರು ಪಕ್ಕದ ಊರಿನ ಯಜಮಾನರದು. ಅವರು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ವ್ರತಸ್ಥರು, ಹಾಗಾಗಿ ಅವರ ಟ್ರ್ಯಾಕ್ಟರೂ ವ್ರತಸ್ಥ. ವರಾಹವನ್ನು ಸುತ್ತು ಹಾಕಿ ನೋಡಿ, "ಅಗಲಕ್ಕೆ ಅಗೆಯೋದಕ್ಕಿಂತ ಇದು ಮೇಲು. ಎರೆಹುಳ ಕಮ್ಮಿ ಸಾಯ್ತವೆ" ಎಂದು ಒಪ್ಪಿಗೆಯಿತ್ತರು. ನೆಲ ಮೆತ್ತಗಾಗಲೆಂದು ಮೀಟರಿನಿಂದ ಬಾವಿಯ ತನಕದ ಗೆರೆಯುದ್ದಕ್ಕೂ ನಾವು ಕೊಡಗಟ್ಟಲೆ ನೀರು ಸುರಿದೆವು. ಕಬ್ಬಿಗೆ ನೀರು ತರಲೆಂದು ಕಬ್ಬಿನ ನೀರನ್ನು ನೆಲಕ್ಕೆ ಹೊಯ್ಯುತ್ತಿದ್ದ ನಮ್ಮನ್ನು ಅಮ್ಮ ಕಣ್ಣು ಕೀಲಿಸಿ ನೋಡುತ್ತಿದ್ದಳು. ಅವಳು ಬೈಯದಿದ್ದಾಗಲೇ ನನಗೆ ಹೆದರಿಕೆ.

ಗೆರೆಯ ನಡುವೆ ಚೌಡಿ ಕೂತಿದ್ದಳು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಫಾರೆಸ್ಟಿನವರ ಗಡಿಕಲ್ಲು; ದೂರದಿಂದ ಬಳಸಿ ಹೋಗಲು ಜಾಗವಿರಲಿಲ್ಲ.

"ಸ್ವಲ್ಪ ಎತ್ತಿಡೋಣ ಅತ್ತಿಗೆ?"

"ಒಂದ್ಸಲ ಎಬ್ಬಿಸಿದ್ದು ಸಾಲ್ದಾ? ನಿನ್ ಹಂದಿನೇ ಸುತ್ತಿ ಹೋಗ್ಲಿ."

ಹಂದಿ ಸುತ್ತಿ ಹೋಯಿತು. ನೇರ ಹೋಗಲೆಂದು ಹುಟ್ಟಿದ ಅಲಗು ಎಲ್ಲೆಯ ಅಂಚಿನಲ್ಲಿ ಕಿರುಗುಟ್ಟುತ್ತಾ ತಿರುಗಿ ಬಾವಿ ಮುಟ್ಟಿತು. ಚಿಕ್ಕಪ್ಪ ಶಲ್ಯ ಹೊದ್ದು ಬಂದು ಸ್ವಿಚ್ಚು ಒತ್ತಿದರು. ಫ್ಯೂಸು ಹಾರಿತು. ಹೊಸದು ಹಾಕಿದರೆ ಅದೂ ಹಾರಿತು. ಹೂತದ್ದನ್ನು ನಾವೇ ಮತ್ತೆ ಎಳೆದು ತೆಗೆದೆವು. ಚೌಡಿಯ ತಿರುವಿನಲ್ಲಿ ಪೈಪಿನ ಬಾಯಿ ವೈರನ್ನು ಹಿಸುಕಿ, ಹಾವು ಪೊರೆ ಬಿಟ್ಟ ಹಾಗೆ ರಬ್ಬರು ಸುಲಿದುಹೋಗಿತ್ತು. ಕೆಟ್ಟ ಭಾಗವನ್ನು ಕತ್ತರಿಸಿ ತುದಿ ಸೇರಿಸಿದರೆ ಉಳಿದ ವೈರು ನೇರ ಗೆರೆಗೆ ಸಾಕು, ಸುತ್ತಿ ಹೋಗಲು ಸಾಲದು. ಹೊಸ ವೈರಿಗೆಂದು ಮಾರಲು ನಮ್ಮಲ್ಲಿ ಉಳಿದದ್ದು ಒಂದು ಎತ್ತು ಮಾತ್ರ.

ಯಜಮಾನರು ತಲೆ ತುರಿಸಿಕೊಂಡರು. "ನಾಳೆ ನಾನು ತೀರ್ಥಹಳ್ಳಿ ಕಡೆ ಉಳೋದಕ್ಕೆ ಒಪ್ಪಿದೀನಿ. ಬರೋದು ಯುಗಾದಿ ಕಳೆದ ಮೇಲೇ. ಮಾಡೋದಿದ್ರೆ ಇವತ್ತು ಮಾಡಿ ಮಾರಾಯ್ರೆ."

ಹೊತ್ತು ಆಗಲೇ ಪಡುವಣದ ಗುಡ್ಡಕ್ಕೆ ವಾಲಿತ್ತು. ಚಿಕ್ಕಪ್ಪ ಮೊದಲ ಬಾರಿಗೆ ಗಾಂಭೀರ್ಯ ಬಿಟ್ಟು ನೆಲದ ಮೇಲೆ ಕುಕ್ಕರಿಸಿದರು. "ಅತ್ತಿಗೆ, ಅವಳು ಏಳದಿದ್ರೆ ನಾವೇ ಏಳ್ಬೇಕು."

ಅಮ್ಮ ಕಬ್ಬಿನ ಸುರುಟಿದ ಗರಿಯೊಂದನ್ನು ಬಿಡಿಸಿ ನೋಡಿದಳು. ಆಮೇಲೆ "ಕೇಳ್ತೀನಿ" ಎಂದು ಒಂದು ಹಿಡಿ ಕೇಪಳದ ಹೂ ತಂದಳು. ನೀರಲ್ಲದ್ದಿ ಚೌಡಿಯ ಎರಡು ಮಗ್ಗುಲಿಗೂ ಒಂದೊಂದು ಹೂ ಅಂಟಿಸಿದಳು. ಬಲದ ಹೂ ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಹಳೆಯ ಊರಿನಲ್ಲಿ ಮದುವೆ, ಮನೆ, ಬಿತ್ತನೆ ಎಲ್ಲದಕ್ಕೂ ಹೀಗೆಯೇ ಕೇಳುತ್ತಿದ್ದುದು. ಅಲ್ಲಿ ಹೂಗಳಿಗೆ ವಿವೇಕವಿತ್ತು. ಇಲ್ಲಿ, ಬಿಸಿಲಿಗೆ ಕಾದ ಕಲ್ಲಿಗೆ ಎರಡೂ ಅಂಟಿಕೊಂಡು ಒಣಗತೊಡಗಿದವು.

"ಬೀಳಿಸೇ" ಎಂದಳು ಅಮ್ಮ. ಮೊದಲು ಬೇಡಿದಳು, ಆಮೇಲೆ ಜಗಳಕ್ಕೆ ನಿಂತಳು. "ನೀರಲ್ಲಿ ಬಿಟ್ಟು ಬರ್ಲಿಲ್ಲ ನಾನು ನಿನ್ನ. ಅವ್ರ ಬಟ್ಟೆ ಪೆಟ್ಟಿಗೆ ಬಿಟ್ಟೆ, ನನ್ನ ಒರಳು ಬಿಟ್ಟೆ, ನಿನ್ನ ಬಿಡ್ಲಿಲ್ಲ. ನಾಲ್ಕು ಮಾರು ಜರುಗು ಅಂದ್ರೆ ಆಗಲ್ವಾ ನಿಂಗೆ?"

ಅವ್ರ ಎಂದರೆ ಅಪ್ಪನ. ಅಪ್ಪನ ಬಟ್ಟೆಯ ಪೆಟ್ಟಿಗೆ ನೀರಿನಲ್ಲಿ ಉಳಿಯಿತೆಂಬುದು ಆ ತನಕ ನನಗೆ ತಿಳಿದಿರಲಿಲ್ಲ. ಗಾಡಿಯಲ್ಲಿ ಜಾಗ ಸಾಲಲಿಲ್ಲವೇನೋ.

ಹೂ ಬೀಳಲಿಲ್ಲ. ಯಜಮಾನರು ಸೂರ್ಯನನ್ನು ನೋಡಿದರು, ನಮ್ಮನ್ನು ನೋಡಿದರು, ಸಂಕೋಚದಿಂದ ಎದ್ದು, "ಊಟದ ಹೊತ್ತಾಯ್ತು, ಅಮ್ಮಾ. ನಾನು ಹೊರಡ್ತೀನಿ" ಎಂದು ಟ್ರ್ಯಾಕ್ಟರು ಚಾಲೂ ಮಾಡಿದರು. ಅದು ಕೆಮ್ಮಿ, ಗುಡುಗಿ, ಸುತ್ತಲ ನೆಲವನ್ನು ನಡುಗಿಸಿತು. ಬಲಮಗ್ಗುಲಿನ ಹೂ ಜಾರಿ ಕೆಳಗೆ ಬಿತ್ತು.

ಚಿಕ್ಕಪ್ಪ ಶಾಸ್ತ್ರಜ್ಞರು, ಸುಮ್ಮನಿರಲಾರರು. "ಅದು ಇಂಜಿನ್ನಿನ ಅದುರಿಗೆ..."

"ಬಾಯ್ಮುಚ್ಚು. ಅವಳಿಗೇನು ಕೈ ಇದ್ಯಾ? ಯಾವುದರಿಂದಾದ್ರೂ ಬೀಳಿಸ್ಬೇಕಲ್ಲ?"

ಅವಳು ತಾನೇ ಎಲ್ಲೆಯ ಕಲ್ಲು ಸರಿಸಿ, ಚೌಡಿಯನ್ನು ಎತ್ತಿ, ಸೆರಗಿನಲ್ಲಿ ಸುತ್ತಿಕೊಂಡು ಒಣಗಿದ ಕಬ್ಬಿನ ಸಾಲಿನಲ್ಲಿ ಕೂತಳು. ಯಜಮಾನರು ಇಳಿಯಲಿಲ್ಲ. ಮನೆಯ ಕಡೆಗಲ್ಲ, ಗೆರೆಯ ತಲೆಗೆ ತಿರುಗಿಸಿ ಗೇರು ಹಾಕಿದರು. ನಾನು ಚಕ್ರದಿಂದ ವೈರು ಬಿಡುತ್ತಾ ಹಿಂದೆ ಓಡಿದೆ. ವರಾಹ ಚೌಡಿಯ ಖಾಲಿ ಜಾಗದ ಮೇಲೆ ನೇರವಾಗಿ ಹಾಯ್ದು ಬಾವಿ ಮುಟ್ಟುವಾಗ ಸೂರ್ಯ ಗುಡ್ಡದ ಹಿಂದೆ ಹೋಗಿದ್ದ. ಆ ದಿನ ಯಜಮಾನರು ಉಪವಾಸ. ಆ ವಿಷಯವನ್ನು ಅವರು ಎಂದೂ ಎತ್ತಲಿಲ್ಲ. ನಾವೂ ಧೈರ್ಯ ಮಾಡಲಿಲ್ಲ.

ಈ ಸಲ ಚಿಕ್ಕಪ್ಪ ಶಲ್ಯ ಹೊದೆಯಲಿಲ್ಲ. ಸ್ವಿಚ್ಚು ಒತ್ತಿ ಕಣ್ಣು ಮುಚ್ಚಿದರು. ಪಂಪು ನರಳಿ, ಕೆಸರು ಬೆರೆತ ನೀರನ್ನು ಇಳಿಜಾರಿನ ತಲೆಗೆ ಕಕ್ಕಿತು. ಅಮ್ಮ ಮೊದಲ ಬೊಗಸೆಯನ್ನು ಮಡಿಲಿನ ಕಲ್ಲಿಗೆ ಹೊಯ್ದಳು.

ಯುಗಾದಿಯ ನಂತರ ಇನ್ಸ್‌ಪೆಕ್ಟರು ಬಂದರು. ಮೇಲಿನ ಸಾಲುಗಳು ಸತ್ತಿದ್ದವು; ಅವನ್ನು ಉಳಿಸಲು ನೀರು ತಡವಾಗಿತ್ತು. ಕೆಳಗಿನವೂ ಮೇಲ್ನೋಟಕ್ಕೆ ಒಣಗಿದಂತೆಯೇ ಇದ್ದವು. ಅವರು ಕೊಡೆಯ ತುದಿಯಿಂದ ಒಂದು ಒಣ ಬುಡವನ್ನು ತಿವಿದು, "ಇದನ್ನ ಸಾಗುವಳಿ ಅಂತೀರಾ?" ಎಂದರು. ಅಮ್ಮ ಕೆಳಗಿನ ಸಾಲಿಗೆ ನಡೆದು, ಒಂದು ಬುಡದ ಮಣ್ಣನ್ನು ಉಗುರಿನಿಂದ ಕೆದರಿದಳು. ಬೆರಳುದ್ದದ ಹಸಿರು ಮೊಳಕೆ. ಪಕ್ಕದ್ದನ್ನು ಕೆದರಿದಳು, ಅಲ್ಲೂ. ಅದರ ಪಕ್ಕದ್ದನ್ನೂ ಕೆದರಲು ಬಗ್ಗಿದಾಗ ಅವರೇ, "ಸಾಕಮ್ಮಾ, ಅದನ್ನ ಮುಚ್ಚಿ, ಬಿಸಿಲು ತಾಗುತ್ತೆ" ಎಂದರು.

ಹೊರಡುವಾಗ ಅವರು ಸುತ್ತ ನೋಡಿ, "ಪಂಪು ಓಡ್ತಿದೆ, ತಂತಿನೇ ಕಾಣ್ಸಲ್ಲ?" ಎಂದು ಕೇಳಿದರು. ಚಿಕ್ಕಪ್ಪ ಇಡೀ ಬೇಸಿಗೆ ಕಾದಿದ್ದ ಪ್ರಶ್ನೆ ಅದು. ವರಾಹಾವತಾರದಿಂದ ಶುರುಮಾಡಿದರು. ಅಮ್ಮ ಮಾತ್ರ ಅತ್ತ ತಿರುಗದೆ, ಕೆದರಿದ ಬುಡಗಳಿಗೆ ಮಣ್ಣೆಳೆದು ಅಂಗೈಯಿಂದ ಒತ್ತುತ್ತಿದ್ದಳು.